ಅಪ್ಪ ಹನ್ನೊಂದು ದಿನ ಬಿಟ್ಟಿದ್ದ ಮಾತ್ರೆ

ನಮ್ಮ ತಂದೆಯವರಿಗೆ ಎರಡನೆಯ ಸಲ ಪಾರ್ಶ್ವವಾಯು ಬಡಿದದ್ದು 2023ರ ಜನವರಿಯಲ್ಲಿ, ಸಂಕ್ರಾಂತಿ ಕಳೆದು ಮೂರನೆಯ ದಿನ. ಮದ್ದೂರು ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗಕ್ಕೆ ಸೇರಿದ ನಮ್ಮೂರಿನಿಂದ ತಮ್ಮ ಫೋನು ಮಾಡಿದಾಗ ನಾನು ಮೈಸೂರಿನಲ್ಲಿ ತರಗತಿ ಮುಗಿಸಿ ಹೊರಗೆ ಬರುತ್ತಿದ್ದೆ. "ಅಪ್ಪನ ಬಾಯಿ ಮತ್ತೆ ವಾರೆಯಾಗದೆ ಅಕ್ಕ, ಬಲಗೈ ಎತ್ತಕ್ಕಾಯ್ತಿಲ್ಲ" ಎಂದ. ಮೊದಲ ಸಲ ಹೀಗಾಗಿ ಆಗ ಹದಿನಾಲ್ಕು ತಿಂಗಳಾಗಿತ್ತು. ಆ ಸಲ ಮಿದುಳಿನ ಒಂದು ಸಣ್ಣ ರಕ್ತನಾಳದಲ್ಲಿ ಹೆಪ್ಪು ಕಟ್ಟಿಕೊಂಡಿದೆ ಎಂದು ಸ್ಕ್ಯಾನಿನಲ್ಲಿ ತಿಳಿದು, ಬೇಗನೆ ಚಿಕಿತ್ಸೆ ಸಿಕ್ಕಿ, ತಿಂಗಳೊಪ್ಪತ್ತಿನಲ್ಲಿ ಅಪ್ಪ ಗದ್ದೆಗೆ ಹೋಗುವಷ್ಟು ಚೇತರಿಸಿಕೊಂಡಿದ್ದರು. ಮನೆಗೆ ಕಳುಹಿಸುವಾಗ ಕೊಟ್ಟ ಚೀಟಿಯಲ್ಲಿ ಆಸ್ಪಿರಿನ್ 75 ಮಿಲಿಗ್ರಾಂ, ಕೊಲೆಸ್ಟರಾಲ್ ತಗ್ಗಿಸುವ ಅಟೋರ್ವಾಸ್ಟಾಟಿನ್, ಬಿಪಿಗೆ ಆಮ್ಲೋಡಿಪಿನ್, ಇವುಗಳ ಜೊತೆಗೆ ಮೊದಲ ಮೂರು ವಾರಗಳಿಗೆ ಮಾತ್ರ ಕ್ಲೋಪಿಡೋಗ್ರೆಲ್ ಇತ್ತು.

ಎರಡನೆಯ ಸಲ ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರೇ ಎಂಬುದು. ಅವ್ವ ಹೌದೆಂದರು, ಅಪ್ಪನೂ ತಲೆ ಆಡಿಸಿದರು. ನಾನೂ ಹಾಗೆಯೇ ನಂಬಿದ್ದೆ. ಆದರೆ ತಮ್ಮ ತಂದುಕೊಟ್ಟ ಅಪ್ಪನ ಎಲೆಯಡಿಕೆ ಚೀಲದಲ್ಲಿ ಇದ್ದ ಮಾತ್ರೆಗಳ ಸ್ಟ್ರಿಪ್ಪುಗಳನ್ನು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಎಣಿಸಿದಾಗ ಲೆಕ್ಕ ಕೂಡಲಿಲ್ಲ. ಉಳಿದ ಎರಡು ಮಾತ್ರೆಗಳು ದಿನಕ್ಕೊಂದರಂತೆ ಸರಿಯಾಗಿ ಕಡಿಮೆಯಾಗಿದ್ದವು. ಆಸ್ಪಿರಿನ್ ಮಾತ್ರ ಇರಬೇಕಾದುದಕ್ಕಿಂತ ಹನ್ನೊಂದು ಹೆಚ್ಚಾಗಿತ್ತು. ಅಂದರೆ ಅವರು ಮರೆತಿರಲಿಲ್ಲ, ಅದೊಂದನ್ನೇ ಆರಿಸಿ ಬಿಟ್ಟಿದ್ದರು.

ಕಾರಣವನ್ನು ಅವರು ಹೇಳಿದ್ದು ನಾಲ್ಕು ದಿನಗಳ ನಂತರ, ಮಾತು ಸ್ವಲ್ಪ ತಿಳಿಯಾದ ಮೇಲೆ. "ಕಬ್ಬಿನ ಗರಿ ಕುಯ್ದ್ರೆ ರಕ್ತ ನಿಲ್ತಾನೇ ಇರ್ಲಿಲ್ಲ ಕಣವ್ವ. ರಕ್ತ ನೀರಾಗೋದ್ರೆ ಮೈಯಲ್ಲಿ ಕಸು ಎಲ್ಲಿದ್ದದು? ಕಬ್ಬು ಕಡ್ದು ಮುಗೀಲಿ, ಆಮೇಕೆ ನುಂಗಾನ ಅಂತ ಬುಟ್ಟಿದ್ದೆ." ಈ ಮಾತಿನಲ್ಲಿ ಹುಂಬತನವಿಲ್ಲ. ನಮ್ಮ ಕಡೆ ಆಸ್ಪಿರಿನ್ನನ್ನೂ ಕ್ಲೋಪಿಡೋಗ್ರೆಲ್ಲನ್ನೂ ಎಲ್ಲರೂ ಕರೆಯುವುದು "ರಕ್ತ ತೆಳು ಮಾಡುವ ಮಾತ್ರೆ" ಎಂದೇ. ಮೆಡಿಕಲ್ ಸ್ಟೋರಿನವರು ಹಾಗೆಂದರು, ಬಿಡುಗಡೆಯ ದಿನ ಅರ್ಧ ನಿಮಿಷದಲ್ಲಿ ಚೀಟಿಯನ್ನು ವಿವರಿಸಿದ ಸಿಬ್ಬಂದಿ ಹಾಗೆಂದರು, ಜೀವಶಾಸ್ತ್ರವನ್ನು ಪಾಠ ಮಾಡುವ ನಾನೂ ಅಪ್ಪನಿಗೆ ಹಾಗೆಯೇ ಹೇಳಿದ್ದೆ. ಬೆಳಗಿನಿಂದ ಸಂಜೆಯವರೆಗೆ ಮಚ್ಚು ಹಿಡಿದು ದುಡಿಯುವ ರೈತನಿಗೆ ರಕ್ತ ತೆಳುವಾಗುವುದೆಂದರೆ ಕಸುವು ಇಳಿಯುವುದು ಎಂದೇ ಅರ್ಥ. ಆ ಹೆಸರನ್ನು ನಂಬಿ, ಅದರ ಅರ್ಥಕ್ಕೆ ತಕ್ಕಂತೆಯೇ ಅವರು ನಡೆದುಕೊಂಡಿದ್ದರು. ಆದ್ದರಿಂದಲೇ ಈ ಬರಹವನ್ನು ಬರೆಯಬೇಕೆನಿಸಿತು.

ಆಸ್ಪಿರಿನ್ ರಕ್ತವನ್ನು ತೆಳುವಾಗಿಸುವುದಿಲ್ಲ. ರಕ್ತದಲ್ಲಿರುವ ನೀರಿನಂಶ ಹೆಚ್ಚುವುದಿಲ್ಲ, ಹಿಮೋಗ್ಲೋಬಿನ್ ತಾನಾಗಿ ಇಳಿಯುವುದಿಲ್ಲ, ರಕ್ತದ ಮಂದತೆಯೂ ಬದಲಾಗುವುದಿಲ್ಲ. ರಕ್ತದಲ್ಲಿ ಅದು ಮುಟ್ಟುವುದು ಪ್ಲೇಟ್‌ಲೆಟ್ಟುಗಳನ್ನು ಮಾತ್ರ. ಡೆಂಗ್ಯೂ ಜ್ವರದ ದೆಸೆಯಿಂದ ಈ ಪದ ಈಗ ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲಿದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವ ಈ ಸೂಕ್ಷ್ಮ ಕಣಗಳ ಕೆಲಸ ಗಾಯವಾದಲ್ಲಿಗೆ ಧಾವಿಸಿ, ಒಂದಕ್ಕೊಂದು ಅಂಟಿಕೊಂಡು, ರಕ್ತ ಸೋರುವ ಬಾಯನ್ನು ಮುಚ್ಚುವುದು. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟುಗಳಿಂದ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು, ಒಂದು ದಿನ ಆ ಗಡ್ಡೆಯ ಮೇಲ್ಪದರ ಬಿರಿದಾಗ, ಪ್ಲೇಟ್‌ಲೆಟ್ಟುಗಳು ಅದನ್ನೂ ಗಾಯವೆಂದೇ ತಿಳಿದು ಅಲ್ಲಿ ಮುತ್ತಿಕೊಳ್ಳುತ್ತವೆ. ಮುತ್ತಿಕೊಂಡವು ಥ್ರಾಂಬಾಕ್ಸೇನ್ ಎಂಬ ರಾಸಾಯನಿಕವನ್ನು ಬಿಟ್ಟು ಉಳಿದವನ್ನು ಕರೆಯುತ್ತವೆ. ಹೀಗೆ ಬೆಳೆದ ಹೆಪ್ಪು ಅಲ್ಲಿಯೇ ನಾಳವನ್ನು ಕಟ್ಟಬಹುದು, ಇಲ್ಲವೇ ಒಡೆದು ತೇಲಿಹೋಗಿ ಮಿದುಳಿನ ಇನ್ನೊಂದು ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಆಸ್ಪಿರಿನ್ ಈ ಥ್ರಾಂಬಾಕ್ಸೇನ್ ತಯಾರಾಗದಂತೆ ತಡೆಯುತ್ತದೆ. ಕ್ಲೋಪಿಡೋಗ್ರೆಲ್ ಇಂಥದೇ ಇನ್ನೊಂದು ಕೂಗನ್ನು ಬೇರೆ ಬಾಗಿಲಿನಲ್ಲಿ, ಪ್ಲೇಟ್‌ಲೆಟ್ಟಿನ ಮೈಮೇಲಿರುವ ಸಂದೇಶ ಹಿಡಿಯುವ ಒಂದು ಗ್ರಾಹಕದ ಬಳಿ ತಡೆಯುತ್ತದೆ.

ನೋವಿಗೆ ನುಂಗುವ ಮಾತ್ರೆಯೊಂದು ಈ ಕೆಲಸವನ್ನು ಹೇಗೆ ಮಾಡುತ್ತದೆ ಎಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಆಸ್ಪಿರಿನ್ ದೇಹದಲ್ಲಿ ಥ್ರಾಂಬಾಕ್ಸೇನಿನ ಬಳಗಕ್ಕೇ ಸೇರಿದ ರಾಸಾಯನಿಕಗಳಾದ ಪ್ರೋಸ್ಟಗ್ಲಾಂಡಿನ್‌ಗಳ ತಯಾರಿಕೆಯನ್ನು ತಡೆಯುತ್ತದೆಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು, 1982ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಬಂತು. ಪಾರ್ಶ್ವವಾಯುವಿನ ಮುನ್ಸೂಚನೆ ಕಂಡವರಲ್ಲಿ ಆಸ್ಪಿರಿನ್ ಪ್ರಯೋಜನಕಾರಿ ಎಂದು ಕೆನಡಾದ ಅಧ್ಯಯನವೊಂದು 1978ರಲ್ಲಿಯೇ ಪ್ರಕಟವಾಗಿತ್ತು.

ಆ ಹನ್ನೊಂದು ದಿನಗಳು ಏಕೆ ಮುಖ್ಯವೆಂಬುದು ಪ್ಲೇಟ್‌ಲೆಟ್ಟಿನ ಆಯುಸ್ಸಿನಲ್ಲಿದೆ. ಪ್ಲೇಟ್‌ಲೆಟ್ಟಿಗೆ ಕೋಶಕೇಂದ್ರವಿಲ್ಲ. ಆದ್ದರಿಂದ ಥ್ರಾಂಬಾಕ್ಸೇನ್ ತಯಾರಿಸಲು ಬೇಕಾದ ಅದರ ಕಿಣ್ವವನ್ನು ಆಸ್ಪಿರಿನ್ ಒಮ್ಮೆ ಕೆಡಿಸಿತೆಂದರೆ ಹೊಸ ಕಿಣ್ವವನ್ನು ಮಾಡಿಕೊಳ್ಳಲು ಅದಕ್ಕೆ ಸಾಧ್ಯವಿಲ್ಲ, ಬದುಕಿರುವ ಏಳರಿಂದ ಹತ್ತು ದಿನವೂ ಅದು ಹಾಗೆಯೇ ಇರುತ್ತದೆ. ಆದರೆ ಮೂಳೆಯ ಮಜ್ಜೆ ಪ್ರತಿದಿನವೂ ಸರಿಸುಮಾರು ಹತ್ತರಲ್ಲೊಂದು ಪಾಲು ಹೊಸ ಪ್ಲೇಟ್‌ಲೆಟ್ಟುಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಆ ದಿನ ಹುಟ್ಟಿದವನ್ನು ಆ ದಿನದ ಮಾತ್ರೆಯೇ ಹಿಡಿಯಬೇಕು. ಆಸ್ಪಿರಿನ್ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆಗಳಾದರೂ ದಿನಕ್ಕೊಂದು ಸಣ್ಣ ಮಾತ್ರೆ ಸಾಕಾಗುವುದು ಇದರಿಂದ, ಅದನ್ನು ಬಿಟ್ಟರೆ ವಾರ ಹತ್ತು ದಿನಗಳಲ್ಲಿ ರಕ್ಷಣೆಯೆಲ್ಲ ಕರಗಿಹೋಗುವುದೂ ಇದರಿಂದಲೇ. ಮಾತ್ರೆ ಬಿಟ್ಟ ಮರುದಿನ ಏನೂ ಆಗಲಿಲ್ಲವೆಂದು, ಮೂರನೆಯ ದಿನವೂ ಚೆನ್ನಾಗಿಯೇ ಇದ್ದೇನೆಂದು ಅಪ್ಪನಿಗೆ ಧೈರ್ಯ ಬಂದದ್ದು ಸಹಜ. ಆ ದಿನಗಳಲ್ಲಿ ಅವರನ್ನು ಕಾಯುತ್ತಿದ್ದುದು ಹಿಂದಿನ ವಾರ ನುಂಗಿದ ಮಾತ್ರೆಗಳು.

ಬಿಟ್ಟದ್ದರಿಂದಲೇ ಎರಡನೆಯ ಆಘಾತ ಬಂತೆಂದು ಒಬ್ಬ ವ್ಯಕ್ತಿಯ ವಿಷಯದಲ್ಲಿ ಯಾವ ವೈದ್ಯರೂ ಪ್ರಮಾಣ ಮಾಡಿ ಹೇಳಲಾರರು. ನುಂಗುತ್ತಿದ್ದವರಿಗೂ ಮರಳಿ ಬರುವುದುಂಟು. ಆದರೆ ಬಹಳ ಜನರನ್ನು ಒಟ್ಟಿಗೆ ನೋಡಿದಾಗ ಚಿತ್ರ ಸ್ಪಷ್ಟವಾಗುತ್ತದೆ. ಸ್ವೀಡನ್ನಿನಲ್ಲಿ ಕಡಿಮೆ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದ ಆರು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತ್ರೆ ನಿಲ್ಲಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಅನಾಹುತಗಳ ಪ್ರಮಾಣ ಮುಂದುವರಿಸಿದವರಿಗಿಂತ ಶೇಕಡಾ 37ರಷ್ಟು ಹೆಚ್ಚಿತ್ತು. ಇದಕ್ಕೂ ಮೊದಲು, 2002ರಲ್ಲಿ, ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿದ ದೊಡ್ಡ ವಿಶ್ಲೇಷಣೆಯೊಂದು ಪ್ಲೇಟ್‌ಲೆಟ್ ತಡೆಯುವ ಔಷಧಗಳಿಂದ ಇಂಥ ಗಂಭೀರ ಘಟನೆಗಳು ಸುಮಾರು ಕಾಲು ಭಾಗದಷ್ಟು ತಗ್ಗುತ್ತವೆಂದು ತೋರಿಸಿತ್ತು. ಈಗಾಗಲೇ ಪಾರ್ಶ್ವವಾಯು ಆದವರಲ್ಲಿ ಸಾವಿರ ಮಂದಿ ಎರಡು ವರ್ಷಗಳಷ್ಟು ಕಾಲ ಮಾತ್ರೆ ತೆಗೆದುಕೊಂಡರೆ ಸುಮಾರು 36 ಮಂದಿ ಅನಾಹುತದಿಂದ ಪಾರಾಗುತ್ತಾರೆ. ಸಾವಿರಕ್ಕೆ 36 ಎಂದರೆ ಇಷ್ಟೇಯೇ ಎಂದು ಕೆಲವರಿಗೆ ಅನ್ನಿಸಬಹುದು. ಕೈಗೂ ಬಾಯಿಗೂ ಎರಡೆರಡು ಸಲ ಪೆಟ್ಟು ಬಿದ್ದವರನ್ನು ಮನೆಯಲ್ಲಿಟ್ಟುಕೊಂಡು ನೋಡಿದ ನನಗೆ, ಕೆಲವೇ ರೂಪಾಯಿಗೆ ಒಂದು ಸ್ಟ್ರಿಪ್ಪು ಸಿಗುವ ಮಾತ್ರೆಯಿಂದ ಅಷ್ಟು ಮನೆಗಳು ಉಳಿಯುವುದು ಬಹಳ ದೊಡ್ಡ ಸಂಗತಿ.

ನಾನು ಎಣಿಸಿದ ಲೆಕ್ಕವನ್ನು ಮರುದಿನ ಬೆಳಿಗ್ಗೆಯೇ ವೈದ್ಯರಿಗೆ ಹೇಳಿದೆ. ಹೇಳದೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವರೇ ವಿವರಿಸಿದರು. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದಾಗಲೇ ಮತ್ತೆ ಪಾರ್ಶ್ವವಾಯು ಬಂದಿದೆಯೆಂದು ತಿಳಿದು ಆ ಔಷಧ ಸೋತಿದೆಯೆಂದು ಬರೆದುಕೊಂಡು, ಬೇರೆ ಮಾತ್ರೆಗೆ ಬದಲಾಯಿಸುವ ಯೋಚನೆಯನ್ನು ಅವರು ಮಾಡುತ್ತಿದ್ದರು. ಈಗ ಔಷಧ ಸೋತಿಲ್ಲ, ಅದು ಹೊಟ್ಟೆಗೇ ಹೋಗಿರಲಿಲ್ಲ ಎಂಬುದು ಗೊತ್ತಾಯಿತು. ಕುತ್ತಿಗೆಯ ರಕ್ತನಾಳಗಳ ಡಾಪ್ಲರ್ ಪರೀಕ್ಷೆ, ಇಸಿಜಿ ಎಲ್ಲವನ್ನೂ ಮತ್ತೆ ಮಾಡಿಸಿದ ಮೇಲೆ ಅದೇ ಆಸ್ಪಿರಿನ್ನಿಗೆ ಮರಳಿದರು. ಬೈಸಿಕೊಳ್ಳಬೇಕಾದೀತೆಂಬ ಹೆದರಿಕೆಯಿಂದ ನಮ್ಮವರು ವೈದ್ಯರ ಮುಂದೆ ಹೌದು ಸ್ವಾಮಿ, ತಪ್ಪದೆ ನುಂಗುತ್ತೇವೆ ಎಂದುಬಿಡುತ್ತಾರೆ. ಆ ಒಂದು ಹೌದು ಮುಂದಿನ ಚಿಕಿತ್ಸೆಯನ್ನೆಲ್ಲ ತಪ್ಪು ದಾರಿಗೆ ತಿರುಗಿಸಬಲ್ಲದು.

ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ಒಟ್ಟಿಗೆ ಕೊಡುವ ವಿಷಯದಲ್ಲಿಯೂ ಗೊಂದಲವಿದೆ. ಸಣ್ಣ ಪ್ರಮಾಣದ ಪಾರ್ಶ್ವವಾಯು ಅಥವಾ ಬಂದು ತಾನಾಗಿ ಹೋಗುವ ತಾತ್ಕಾಲಿಕ ಆಘಾತದ ನಂತರ ಮತ್ತೆ ಬರುವ ಅಪಾಯ ಮೊದಲ ದಿನಗಳಲ್ಲಿಯೇ ಎಲ್ಲಕ್ಕಿಂತ ಹೆಚ್ಚು. ಚೀನಾದಲ್ಲಿ ಇಂಥ 5170 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಸ್ಪಿರಿನ್ ಒಂದನ್ನೇ ಪಡೆದವರಲ್ಲಿ ತೊಂಬತ್ತು ದಿನಗಳೊಳಗೆ ಶೇಕಡಾ 11.7 ಮಂದಿಗೆ ಪಾರ್ಶ್ವವಾಯು ಬಂದರೆ, ಮೊದಲ 21 ದಿನ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ, ಅನಂತರ ಕ್ಲೋಪಿಡೋಗ್ರೆಲ್ ಒಂದನ್ನೇ ಪಡೆದವರಲ್ಲಿ ಅದು ಶೇಕಡಾ 8.2ಕ್ಕೆ ಇಳಿದಿತ್ತು. ಹಾಗಾದರೆ ಎರಡನ್ನೂ ಜೀವನಪೂರ್ತಿ ನುಂಗಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ನನಗೂ ತೋರಿತ್ತು. ಅದನ್ನು 2004ರಲ್ಲಿ ಪ್ರಕಟವಾದ ಪ್ರಯೋಗವೊಂದು ಮೊದಲೇ ಪರೀಕ್ಷಿಸಿತ್ತು. ಕ್ಲೋಪಿಡೋಗ್ರೆಲ್ಲಿಗೆ ಆಸ್ಪಿರಿನ್ ಸೇರಿಸಿ ಹದಿನೆಂಟು ತಿಂಗಳು ಕೊಟ್ಟಾಗ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ, ಜೀವಕ್ಕೆ ಅಪಾಯ ತರುವ ರಕ್ತಸ್ರಾವ ಮಾತ್ರ ಶೇಕಡಾ 1.3ರಿಂದ 2.6ಕ್ಕೆ ಏರಿತು. ನಮ್ಮ ಬೀದಿಯ ಹಿರಿಯರೊಬ್ಬರು ಮೂರು ವಾರಗಳಿಗೆಂದು ಬರೆದಿದ್ದ ಎರಡನೆಯ ಮಾತ್ರೆಯನ್ನು ಅದೇ ಹಳೆಯ ಚೀಟಿ ತೋರಿಸಿ ಎರಡು ವರ್ಷ ಕೊಂಡು ನುಂಗಿದ್ದರು. ಮಲ ಕಪ್ಪಾಗಿ, ಸುಸ್ತಾಗಿ ಬಿದ್ದ ಮೇಲೆ ಅದು ತಿಳಿದದ್ದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕ ಬೇರೆ, ಅವರು ಹೃದಯದ ವೈದ್ಯರು ಹೇಳಿದಷ್ಟು ಕಾಲ ಎರಡನ್ನೂ ತೆಗೆದುಕೊಳ್ಳಲೇಬೇಕು. ಯಾವ ಮಾತ್ರೆ ಎಂದಿನವರೆಗೆ ಎಂಬುದನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದೆಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎಲ್ಲ ಪಾರ್ಶ್ವವಾಯುವೂ ಹೆಪ್ಪುಗಟ್ಟಿ ಬರುವುದಲ್ಲ. ರಕ್ತನಾಳ ಒಡೆದು ಮಿದುಳಿನೊಳಗೆ ರಕ್ತ ಸೋರಿ ಬರುವುದೂ ಇದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಬಾಯಿ ವಾರೆಯಾಗುತ್ತದೆ, ಕೈಕಾಲು ಸ್ವಾಧೀನ ತಪ್ಪುತ್ತದೆ, ಮಾತು ತೊದಲುತ್ತದೆ. ಬೇರ್ಪಡಿಸಿ ಹೇಳುವುದು ಸ್ಕ್ಯಾನ್ ಮಾತ್ರ. ಎದೆನೋವು ಬಂದಾಗ ಆಸ್ಪಿರಿನ್ ಅಗಿಯಬೇಕೆಂದು ಕೇಳಿ ತಿಳಿದ ನೆರೆಯವರೊಬ್ಬರು ಅಪ್ಪನಿಗೆ ಆ ದಿನ ನಾಲ್ಕು ಇಕೋಸ್ಪ್ರಿನ್ (ಆಸ್ಪಿರಿನ್ನಿನದೇ ಒಂದು ಬ್ರ್ಯಾಂಡ್) ನುಂಗಿಸಲು ಹೊರಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೊರಟದ್ದು. ಆದರೆ ಸೋರುತ್ತಿರುವ ನಾಳವಾಗಿದ್ದರೆ ಅದು ಬೆಂಕಿಗೆ ತುಪ್ಪ ಸುರಿದಂತೆ ಆಗುತ್ತಿತ್ತು. ನುಂಗಲು ಬಾರದ ಬಾಯಿಂದ ಅದು ಶ್ವಾಸನಾಳಕ್ಕೂ ಇಳಿಯಬಹುದಿತ್ತು. ಇಂಥ ಹೊತ್ತಿನಲ್ಲಿ ಮನೆಯವರು ಮಾಡಬೇಕಾದದ್ದು ಲಕ್ಷಣ ಶುರುವಾದ ಗಂಟೆಯನ್ನು ನೆನಪಿಟ್ಟುಕೊಂಡು, ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆ ಮಾಡಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಸೇರಿಸುವುದು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಟಿ ಔಷಧಕ್ಕೆಂದೋ ಪಾರಿವಾಳದ ರಕ್ತ ಹಚ್ಚಿಸಲೆಂದೋ ಊರೂರು ಸುತ್ತಿ ಆ ಗಂಟೆಗಳನ್ನು ಕಳೆದುಕೊಂಡ ಕುಟುಂಬಗಳನ್ನು ನಾನು ಬಲ್ಲೆ.

ಹೃದಯದ ಬಡಿತ ಲಯ ತಪ್ಪಿ, ಹೃದಯದೊಳಗೆ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಬಗೆಯೂ ಒಂದಿದೆ. ಅಂಥವರಿಗೆ ಆಸ್ಪಿರಿನ್ ಸಾಲದು, ವಾರ್ಫರಿನ್, ಅಪಿಕ್ಸಬಾನ್‌ಗಳಂಥ ಬೇರೆಯೇ ವರ್ಗದ ಔಷಧಗಳು ಬೇಕು. ಅವಕ್ಕೂ ಜನರ ಬಾಯಲ್ಲಿ ಅದೇ ಹೆಸರು, ರಕ್ತ ತೆಳು ಮಾಡುವ ಮಾತ್ರೆ. ಹೆಸರು ಒಂದೇ ಎಂದು ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ಪಡೆದು ನುಂಗಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾತ್ರೆಗಳಿಗೆ ತೊಂದರೆಗಳಿಲ್ಲ ಎಂದು ನಾನು ಹೇಳುತ್ತಿಲ್ಲ. ಅಪ್ಪನ ಕೈಯ ಗಾಯದಲ್ಲಿ ರಕ್ತ ನಿಲ್ಲಲು ತಡವಾದದ್ದು ನಿಜ, ಅದು ಮಾತ್ರೆ ತನ್ನ ಕೆಲಸ ಮಾಡುತ್ತಿರುವುದರ ಗುರುತೂ ಹೌದು. ಅಂಥ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಹೆದರಬೇಕಾದದ್ದು ಡಾಂಬರಿನಂತೆ ಕಪ್ಪಾದ ಮಲಕ್ಕೆ, ರಕ್ತವಾಂತಿಗೆ, ಹಿಂದೆಂದೂ ಕಾಣದ ತಲೆನೋವಿಗೆ. ಆಗ ತಾವಾಗಿಯೇ ಮಾತ್ರೆ ಬಿಟ್ಟು ಮನೆಯಲ್ಲಿ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಡೆಂಗ್ಯೂ ಬಂದರೂ ಹಾಗೆಯೇ, ಮಾತ್ರೆಯನ್ನು ಮುಂದುವರಿಸಬೇಕೇ ತಡೆಹಿಡಿಯಬೇಕೇ ಎಂಬುದನ್ನು ಪ್ಲೇಟ್‌ಲೆಟ್ಟುಗಳ ಎಣಿಕೆ ನೋಡಿ ವೈದ್ಯರೇ ನಿರ್ಧರಿಸಬೇಕು. ಗದ್ದೆ ಕೆಲಸದವರಲ್ಲಿ ನಾನು ಕಂಡ ದೊಡ್ಡ ಅಪಾಯವೆಂದರೆ ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಬಿಡಿಯಾಗಿ ಕೊಳ್ಳುವ ನೋವಿನ ಮಾತ್ರೆಗಳು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದವು ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಸಂಭವ ಹೆಚ್ಚುತ್ತದೆ. ಐಬುಪ್ರೊಫೇನ್ ಅಂತೂ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿಯೇ ಮೊದಲು ಕೂತು ಅದರ ಕೆಲಸವನ್ನು ಕೆಡಿಸಬಲ್ಲದು. ಅಪ್ಪನಿಗೆ ಈಗ ನೋವಿದ್ದರೆ ಪ್ಯಾರಾಸಿಟಮಾಲ್ ಮಾತ್ರ. ಕ್ಲೋಪಿಡೋಗ್ರೆಲ್ ನುಂಗುವವರು ಗ್ಯಾಸಿಗೆಂದು ಒಮೆಪ್ರಜೋಲ್ ತೆಗೆದುಕೊಳ್ಳುವ ಮೊದಲೂ ಕೇಳಬೇಕು. ಕ್ಲೋಪಿಡೋಗ್ರೆಲ್ ಯಕೃತ್ತಿನಲ್ಲಿ ಬದಲಾದ ಮೇಲೆಯೇ ಔಷಧವಾಗುವಂಥದ್ದು, ಒಮೆಪ್ರಜೋಲ್ ಆ ಬದಲಾವಣೆಗೆ ಅಡ್ಡಬರುತ್ತದೆ, ಪ್ಯಾಂಟೊಪ್ರಜೋಲ್ ಅಷ್ಟಾಗಿ ಅಡ್ಡಬರುವುದಿಲ್ಲ. ಹುಟ್ಟಿನಿಂದಲೇ ಈ ಬದಲಾವಣೆ ನಿಧಾನವಾಗಿರುವವರು ನಮ್ಮ ದಕ್ಷಿಣ ಏಷ್ಯಾದ ಜನರಲ್ಲಿ ಬಹಳ ಮಂದಿ ಇದ್ದಾರೆ ಎಂಬುದೂ ವೈದ್ಯರು ಒಬ್ಬೊಬ್ಬರಿಗೆ ಒಂದೊಂದು ಮಾತ್ರೆಯನ್ನು ಆರಿಸಲು ಒಂದು ಕಾರಣ.

ಪ್ಲೇಟ್‌ಲೆಟ್ ಮಾತ್ರೆಯೊಂದೇ ಎಲ್ಲವನ್ನೂ ಕಾಯುವುದಿಲ್ಲ, ಬಿಪಿ ಹಿಡಿತದಲ್ಲಿ ಇಲ್ಲದಿದ್ದರೆ ಅದರ ಶ್ರಮ ಅರ್ಧ ವ್ಯರ್ಥ. ಅಪ್ಪ ಬೀಡಿಯನ್ನು ಮೊದಲ ಆಘಾತಕ್ಕೇ ಬಿಟ್ಟಿದ್ದರು. ಉಪ್ಸಾರಿನ ಉಪ್ಪನ್ನು ಇಳಿಸಲು ಅವ್ವನಿಗೆ ಹೆಚ್ಚು ಕಾಲ ಹಿಡಿಯಿತು.

ಇಷ್ಟನ್ನೆಲ್ಲ ಅಪ್ಪನಿಗೆ ಹೇಗೆ ತಿಳಿಸುವುದೆಂದು ಬಹಳ ಯೋಚಿಸಿದೆ. ಕಡೆಗೆ ಒಂದು ಸಂಜೆ ಗದ್ದೆಯ ಬದುವಿನ ಮೇಲೆ ಕುಳಿತು, ನಾಲೆಯಿಂದ ನಮ್ಮ ಹೊಲಕ್ಕೆ ನೀರು ಬಿಡುವ ತೂಬನ್ನು ತೋರಿಸಿ ಹೇಳಿದೆ. ನೀರು ಮೊದಲು ಎಷ್ಟಿತ್ತೋ ಹೇಗಿತ್ತೋ ಹಾಗೆಯೇ ಇರುತ್ತದೆ ಅಪ್ಪ, ತೂಬಿನ ಬಾಯಿಗೆ ಕಸಕಡ್ಡಿ ಒಂದಕ್ಕೊಂದು ಹೆಣೆದುಕೊಂಡು ಕಟ್ಟದಂತೆ ಮಾತ್ರ ಮಾತ್ರೆ ನೋಡಿಕೊಳ್ಳುತ್ತದೆ, ಕಸ ದಿನಾ ಬರುತ್ತದೆ, ಅದಕ್ಕೇ ಮಾತ್ರೆಯೂ ದಿನಾ ಬೇಕು ಎಂದೆ. ಕೊನೆಯ ಭಾಗದ ರೈತರಿಗೆ ಕಟ್ಟಿಕೊಂಡ ತೂಬು ಎಂದರೇನೆಂದು ವಿವರಿಸಬೇಕಾಗಿಲ್ಲ. ಅವರು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು, "ಹಂಗಾದ್ರೆ ರಕ್ತ ನೀರಾಗಕಿಲ್ವಾ?" ಎಂದು ಒಮ್ಮೆ ಕೇಳಿದರು. ಇಲ್ಲವೆಂದೆ. "ಮೊದ್ಲೇ ಹಿಂಗಂದಿದ್ರೆ ಆಗದಲ್ಲವ್ವ" ಎಂದರು. ಆ ಮಾತು ಇನ್ನೂ ನನ್ನೊಳಗೆ ಇದೆ.

ಕಳೆದ ತಿಂಗಳು ಅವರ ದವಡೆಯ ಹಲ್ಲೊಂದನ್ನು ಕೀಳಿಸಬೇಕಾಯಿತು. ಮೊದಲಿನ ಅಪ್ಪನಾಗಿದ್ದರೆ ಒಂದು ವಾರ ಮುಂಚಿತವಾಗಿಯೇ ತಾವಾಗಿ ಮಾತ್ರೆ ನಿಲ್ಲಿಸುತ್ತಿದ್ದರು. ಈ ಸಲ ಅವರೇ ಚೀಟಿಯನ್ನು ಎಲೆಯಡಿಕೆ ಚೀಲದಿಂದ ತೆಗೆದು ದಂತವೈದ್ಯರ ಮುಂದಿಟ್ಟು, ನಿಲ್ಲಿಸಬೇಕೇ ಎಂದು ಕೇಳಿದರು. ವೈದ್ಯರು ನಮ್ಮ ನರರೋಗ ತಜ್ಞರಿಗೆ ಫೋನು ಮಾಡಿ ಮಾತನಾಡಿ, ಒಂದು ಹಲ್ಲಿಗೆ ನಿಲ್ಲಿಸುವ ಅಗತ್ಯವಿಲ್ಲ, ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಆಗ ಇಬ್ಬರೂ ಸೇರಿ ತೀರ್ಮಾನಿಸುತ್ತೇವೆ ಎಂದರು. ಹಲ್ಲು ಕಿತ್ತ ಜಾಗಕ್ಕೆ ಒಂದು ಹೊಲಿಗೆ ಹಾಕಿ, ಮಡಿಸಿದ ಬ್ಯಾಂಡೇಜ್ ಬಟ್ಟೆಯನ್ನು ಉಳಿದವರಿಗಿಂತ ಹೆಚ್ಚು ಹೊತ್ತು ಕಚ್ಚಿ ಹಿಡಿಯಲು ಹೇಳಿದರು. ಮುಕ್ಕಾಲು ಗಂಟೆಯಲ್ಲಿ ರಕ್ತ ನಿಂತಿತು. ಆ ರಾತ್ರಿ ಅಪ್ಪ ಮುದ್ದೆ ಬಿಟ್ಟು ತಣ್ಣಗಾದ ಗಂಜಿ ಕುಡಿದರು, ಕುಡಿದಾದ ಮೇಲೆ ಎಂದಿನ ಹೊತ್ತಿಗೆ ಮಾತ್ರೆ ನುಂಗಿ ಮಲಗಿದರು.